ಮಹಾ ಸನದಿನ ಇಸವಿ

ರಾಜ್ಯ ಒಂದಾದ ಮರುವರ್ಷ, ಜೂನ್ ತಿಂಗಳಲ್ಲಿ, ನಮ್ಮ ಹೆಡ್ ಮಾಸ್ತರರು ನನ್ನನ್ನು ಕರೆದು, ಏಳನೆಯ ತರಗತಿಗೆ ಜಗತ್ತಿನ ಇತಿಹಾಸವನ್ನು ಇನ್ನು ಮೇಲೆ ಕನ್ನಡದಲ್ಲಿ ಕಲಿಸಬೇಕು ಎಂದರು. ಪುಸ್ತಕ ಎಲ್ಲಿ ಎಂದು ಕೇಳಿದೆ.

"ಬರ್ತದ," ಎಂದರು. "ಬರೋ ತನಕ ನೀವೇ ಪುಸ್ತಕ."

ಚಿತ್ತಾಪುರಕ್ಕೂ ವಾಡಿಗೂ ನಡುವಿನ ಸಣ್ಣ ಊರಿನ ಮಿಡ್ಲ್ ಸ್ಕೂಲು ಅದು. ನಾನು ಮೆಟ್ರಿಕ್‌ವರೆಗೆ ಓದಿದ್ದೆಲ್ಲ ಉರ್ದುವಿನಲ್ಲಿ. ಮನೆಯ ಮಾತು ಕನ್ನಡ. ಅಕ್ಷರಗಳನ್ನು ಮಠದ ಅಯ್ಯನವರಿಂದ ಕಲಿತಿದ್ದೆ. ಆ ಕನ್ನಡದಲ್ಲಿ ಬೀಗರಿಗೆ ಕಾಗದ ಬರೆಯಬಲ್ಲವನಾಗಿದ್ದೆ, ಅಷ್ಟೆ. ಗ್ರೀಸ್, ಈಜಿಪ್ಟ್ ಎಂಬ ಹೆಸರುಗಳನ್ನು ನಾನು ಕೇಳಿರಲಿಲ್ಲ. ನನಗೆ ಗೊತ್ತಿದ್ದದ್ದು ಯೂನಾನ ಮತ್ತು ಮಿಸರ. ಸಾಕ್ರೆಟಿಸ್ ನನಗೆ ಸುಕರಾತ, ಅಲೆಗ್ಝಾಂಡರ್ ನನಗೆ ಸಿಕಂದರ. ಇನ್ನೊಂದು ಮಾತನ್ನೂ ಹೇಳಬೇಕು. ಉರ್ದುವಿನಲ್ಲಿ ಓದಿ ಬಂದ ನಮ್ಮಂಥವರು ಕನ್ನಡದ ಇಲಾಖಾ ಪರೀಕ್ಷೆ ಪಾಸಾಗುವ ತನಕ ನೌಕರಿ ಕಾಯಂ ಇರಲಿಲ್ಲ. ಪಾಸಾಗದವರನ್ನು ಒಬ್ಬೊಬ್ಬರಾಗಿ ಹಳ್ಳಿಯ ಕೆಳತರಗತಿಗಳಿಗೆ ಇಳಿಸುತ್ತಿದ್ದರು.

ದಿನಾ ಶಾಲೆ ಬಿಟ್ಟ ಮೇಲೆ ತರಗತಿಯ ಕೋಣೆಯಲ್ಲೇ ಕುಳಿತು ನನ್ನ ಹಳೆಯ ಉರ್ದು ಪುಸ್ತಕದ ಒಂದು ಪುಟವನ್ನು ಕನ್ನಡಕ್ಕೆ ಇಳಿಸುತ್ತಿದ್ದೆ. ಕಲ್ಲಚ್ಚಿನ ಪುಸ್ತಕ ಅದು. ಕೆಲವು ಕಡೆ ಅಕ್ಷರಗಳು ಮಸಿಯಲ್ಲಿ ಮುಳುಗಿದ್ದವು. ಮರುದಿನ ಆ ಪುಟವನ್ನು ಮೂವತ್ತೊಂದು ಮಕ್ಕಳಿಗೆ ಹೇಳಿ ಬರೆಸುತ್ತಿದ್ದೆ. ಬರೆಸಿದ್ದನ್ನು ಬರೆಸಿದ ಹಾಗೆಯೇ ಒಪ್ಪಿಸಬೇಕು ಎಂಬುದು ನನ್ನ ನಿಯಮ. ಪ್ರತಿ ಶನಿವಾರ ಇಪ್ಪತ್ತು ಅಂಕಗಳ ಪರೀಕ್ಷೆ. ಒಂದು ಶಬ್ದ ಬಿಟ್ಟರೆ ಅರ್ಧ ಅಂಕ, ಒಂದು ಶಬ್ದ ಬದಲಾದರೆ ಒಂದು ಅಂಕ ಹೋಯಿತು. ವಾಕ್ಯವನ್ನೇ ತಮ್ಮ ಮಾತಿನಲ್ಲಿ ಬರೆದರೆ ಸೊನ್ನೆ. ಸೋಮವಾರ ಅಂಕಗಳನ್ನು ಗಟ್ಟಿಯಾಗಿ ಓದಿ, ಹೆಚ್ಚು ಬಂದವರನ್ನು ಮುಂದೆ, ಕಡಿಮೆ ಬಂದವರನ್ನು ಬಾಗಿಲ ಹತ್ತಿರ ಕೂಡಿಸುತ್ತಿದ್ದೆ.

ಇದನ್ನು ನಾನು ಶಿಸ್ತು ಎಂದು ಕರೆಯುತ್ತಿದ್ದೆ. ಒಳಗಿನ ಕಾರಣ ಬೇರೆ ಇತ್ತು. ಮಗು ತನ್ನ ಮಾತಿನಲ್ಲಿ ಬರೆದರೆ ಅದು ಸರಿಯೋ ತಪ್ಪೋ ಎಂದು ಹೇಳುವಷ್ಟು ನನ್ನ ಕನ್ನಡವನ್ನು ನಾನೇ ನಂಬಿರಲಿಲ್ಲ. ನನ್ನ ವಾಕ್ಯವಾದರೆ ತಾಳೆ ನೋಡಿ ಅಂಕ ಹಾಕಬಹುದಿತ್ತು. ದಸರೆಯ ಹೊತ್ತಿಗೆ ಮೂವತ್ತೊಂದು ಮಕ್ಕಳೂ ಒಂದೇ ಕೈಯಿಂದ ಬರೆದ ಹಾಗೆ ಬರೆಯುತ್ತಿದ್ದರು. ಹೆಡ್ ಮಾಸ್ತರರು ಬೆನ್ನು ತಟ್ಟಿದರು.

ಮುಂದಿನ ಸಾಲಿನಲ್ಲಿ ಯಾವಾಗಲೂ ಇರುತ್ತಿದ್ದವಳು ವಾಡಿಯ ರೈಲ್ವೆ ಗ್ಯಾಂಗಿನಲ್ಲಿ ಕೆಲಸ ಮಾಡುವವನ ಮಗಳು. ಶಾಲೆಗೆ ತಡವಾಗಿ ಸೇರಿದವಳು. ಹದಿನಾರು ತುಂಬಿತ್ತು, ನನ್ನ ಹೆಗಲಿಗೆ ಬರುವಷ್ಟು ಎತ್ತರ. ಏಳನೆಯದು ಪಾಸಾದ ಹೆಣ್ಣುಮಕ್ಕಳನ್ನು ಗುಲಬರ್ಗಾದ ಶಿಕ್ಷಕಿಯರ ಟ್ರೇನಿಂಗಿಗೆ ತೆಗೆದುಕೊಳ್ಳುತ್ತಿದ್ದ ಕಾಲ ಅದು. ಎರಡು ವರ್ಷ ಕಲಿತರೆ ಶಾಲೆಯಲ್ಲಿ ಅಕ್ಕೋರಾಗಬಹುದಿತ್ತು. ಅವಳ ಅಪ್ಪ ಒಮ್ಮೆ ಶಾಲೆಗೆ ಬಂದು ಬಾಗಿಲಲ್ಲೇ ನಿಂತು ಹೇಳಿದ್ದ: "ಹುಡುಗಿಗಿ ಮಾತು ಕೊಟ್ಟೀನ್ರಿ ಮಾಸ್ತರ್ರ. ಈ ವರ್ಷ ಪಾಸಾದ್ಳಂದ್ರ ಟ್ರೇನಿಂಗು. ಇಲ್ಲಂದ್ರ ಲಗ್ನ. ಮಂದಿ ಭಾಳ ಅನ್ನಾಕತ್ಯಾರ, ಇನ್ನೊಂದು ವರ್ಷ ತಡಿಯಾಕ ನನ್ನ ಕಡಿಂದ ಆಗಂಗಿಲ್ಲ."

"ಪಾಸಾಗ್ತಾಳ, ನನಗ ಬಿಡ್ರಿ," ಎಂದಿದ್ದೆ.

ಸಂಕ್ರಾಂತಿ ಕಳೆದ ಮೇಲೆ ಹೊಸ ಪುಸ್ತಕ ಬಂತು, ಇಡೀ ಶಾಲೆಗೆ ಒಂದೇ ಪ್ರತಿ. ಹೆಡ್ ಮಾಸ್ತರರು ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಬೆಳಿಗ್ಗೆ ಬೇಗ ಬರುತ್ತಿದ್ದ ಈ ಹುಡುಗಿಗೆ ಮಾತ್ರ ತಮ್ಮ ಕಣ್ಣೆದುರು ಕುಳಿತು ಓದಲು ಬಿಟ್ಟಿದ್ದರು. ಒಂದು ದಿನ ನಾನು ಇಂಗ್ಲೆಂಡಿನ ಪಾಠವನ್ನು ಮರಳಿ ಒಪ್ಪಿಸಿಕೊಳ್ಳುವಾಗ ಅವಳು ಎದ್ದು ನಿಂತಳು.

"ಮಾಸ್ತರ್ರ, ಮಹಾ ಸನದು ಹನ್ನೆರಡು ನೂರಾ ಹದಿನೈದ್ರಾಗ ಆಗ್ಯಾದ ಅಂತ ಹೊಸಾ ಪುಸ್ತಕದಾಗ ಅದರಿ. ನೀವು ಹದಿಮೂರು ನೂರಾ ಹದಿನೈದು ಅಂತ ಬರೆಸೀರಿ."

ತರಗತಿಯೆಲ್ಲ ನನ್ನ ಮುಖ ನೋಡಿತು. ಬಾಗಿಲ ಹತ್ತಿರ ಯಾರೋ ಸಣ್ಣಗೆ ನಕ್ಕರು.

"ನಾ ಬರೆಸಿದ್ದು ಬರಿ," ಎಂದೆ. "ಅಕ್ಷರ ಬದಲಾದ್ರ ಮಾರ್ಕ್ ಹೋಗ್ತದ. ಗೊತ್ತದಿಲ್ಲೋ?"

"ಗೊತ್ತದರಿ," ಎಂದು ಕುಳಿತಳು.

ಆ ಶನಿವಾರದ ಪರೀಕ್ಷೆಯಲ್ಲಿ ಅವಳು ೧೨೧೫ ಎಂದೇ ಬರೆದಿದ್ದಳು. ನಾನು ಒಂದು ಅಂಕ ಕಳೆದು ಅವಳನ್ನು ಎರಡನೆಯ ಸಾಲಿಗೆ ಹಾಕಿದೆ. ಉರ್ದು ಪುಸ್ತಕವನ್ನು ತೆಗೆದು ನೋಡಬೇಕೆಂದು ಅಂದುಕೊಂಡದ್ದು ಹೌದು. ಆ ವಾರ ಇನ್‌ಸ್ಪೆಕ್ಟರರ ಭೇಟಿ ಇತ್ತು. ಹಾಜರಿ ಪುಸ್ತಕ, ಗೋಡೆಗೆ ಸುಣ್ಣ, ನಕಾಶೆಗಳು ಎಂದು ದಿನ ಹೋಯಿತು. ನೋಡಲಿಲ್ಲ.

ಪಬ್ಲಿಕ್ ಪರೀಕ್ಷೆ ಮುಗಿದು, ಪೇಪರುಗಳನ್ನು ತಿದ್ದುವ ಕೆಲಸ ಏಪ್ರಿಲ್‌ನಲ್ಲಿ ಸೇಡಂನಲ್ಲಿ ನಡೆಯಿತು. ಕನ್ನಡದಲ್ಲಿ ತಿದ್ದಬಲ್ಲವರು ಕಡಿಮೆ ಇದ್ದುದರಿಂದ ಕಾಯಂ ಅಲ್ಲದ ನನ್ನನ್ನೂ ಕರೆಸಿದ್ದರು. ಶಾಲೆಯೊಂದರ ಉದ್ದನೆಯ ಹಾಲು. ನೆಲಕ್ಕೆ ಶಹಾಬಾದಿ ಕಲ್ಲು. ಬೆಳಿಗ್ಗೆ ಹತ್ತರ ಹೊತ್ತಿಗೆ ಆ ಕಲ್ಲು ಕಾದು ಅಂಗಾಲು ಸುಡುತ್ತಿತ್ತು. ಮೂರು ಮೂಲೆಗಳಲ್ಲಿ ಕನ್ನಡದ ಪರೀಕ್ಷಕರು, ಒಂದು ಮೂಲೆಯಲ್ಲಿ ಉರ್ದು ಪೇಪರು ತಿದ್ದುವವರು. ಮುಖ್ಯ ಪರೀಕ್ಷಕರು ಧಾರವಾಡದ ಕಡೆಯಿಂದ ವರ್ಗವಾಗಿ ಬಂದವರು: ಬಿಳಿ ಟೋಪಿ, ಕಡಿಮೆ ಮಾತು, ಲೆಕ್ಕಕ್ಕೆ ತಪ್ಪದ ಮನುಷ್ಯ.

ಪೇಪರುಗಳ ಮೇಲೆ ಊರಿನ ಹೆಸರು ಇರುತ್ತಿರಲಿಲ್ಲ. ಗುಪ್ತ ಸಂಖ್ಯೆ ಮಾತ್ರ. ಯಾವ ಶಾಲೆಯದ್ದೆಂದು ಗುಲಬರ್ಗಾದ ಆಫೀಸಿಗೆ ಮಾತ್ರ ಗೊತ್ತು. ಪ್ರತಿ ಪ್ರಶ್ನೆಗೂ ಅಂಕಗಳನ್ನು ಹೇಗೆ ಒಡೆಯಬೇಕೆಂಬ ಪಟ್ಟಿಯನ್ನು ಮೊದಲ ದಿನವೇ ಓದಿ ಹೇಳಿದ್ದರು. ಮ್ಯಾಗ್ನಾ ಕಾರ್ಟಾದ, ಅಂದರೆ ನನ್ನ ಮಹಾ ಸನದಿನ, ಪ್ರಶ್ನೆಗೆ ಎಂಟು ಅಂಕ: ಇಸವಿಗೆ ಎರಡು, ದೊರೆಯ ಹೆಸರಿಗೆ ಒಂದು, ಕಾರಣಕ್ಕೆ ಮೂರು, ಫಲಕ್ಕೆ ಎರಡು. ೧೨೧೫ ಎಂಬ ಅಂಕಿ ಅವರ ಬಾಯಿಂದ ಬಂದಾಗ ಪಟ್ಟಿ ಬರೆದುಕೊಳ್ಳುತ್ತಿದ್ದ ನನ್ನ ಟಾಕು ನಿಂತಿತು. ಮೂರು ತಿಂಗಳ ಹಿಂದೆ ಎದ್ದು ನಿಂತಿದ್ದ ಹುಡುಗಿ ನೆನಪಾದಳು. ಎರಡು ಅಂಕ ತಾನೇ, ಪಾಸಾಗಲು ಅಡ್ಡಿಯಿಲ್ಲ ಎಂದು ಸಮಾಧಾನ ಮಾಡಿಕೊಂಡು ಕೆಂಪು ಮಸಿಯಲ್ಲಿ ಟಾಕು ಅದ್ದಿದೆ.

ಮೂರನೆಯ ದಿನ ಮಧ್ಯಾಹ್ನ ನನ್ನ ಪಕ್ಕದ ಪರೀಕ್ಷಕರು ಒಂದು ಕಟ್ಟು ಬಿಚ್ಚಿ, ಎಂಟು-ಹತ್ತು ಪೇಪರು ತಿದ್ದಿ, ಕೈ ಎತ್ತಿದರು. ಅವರು ಚಿಂಚೋಳಿ ಕಡೆಯ ಒಬ್ಬ ಮಾಸ್ತರರು.

"ಸಾಹೇಬ್ರ, ಇಲ್ಲಿ ಬರ್ರಿ. ಎಲ್ಲಾ ಒಂದೇ ನಮೂನಿ ಅವ."

ಮುಖ್ಯ ಪರೀಕ್ಷಕರು ಬಂದು ಒಂದು ಪೇಪರನ್ನು ಎತ್ತಿ ಗಟ್ಟಿಯಾಗಿ ಓದಿದರು: "ಸನ್ ೧೩೧೫ರಲ್ಲಿ ಇಂಗ್ಲಿಸ್ತಾನದ ಜಾನ್ ಬಾದಶಹನು ಅಮೀರರ ಜೋರಿಗೆ ಬಗ್ಗಿ ಮಹಾ ಸನದಿಗೆ ತನ್ನ ಮೊಹರು ಹಾಕಿದನು."

ಹಾಲಿನಲ್ಲಿ ನಗು ಎದ್ದಿತು. ಎರಡನೆಯ ಪೇಪರು ಎತ್ತಿದರು. ಅದೇ ವಾಕ್ಯ. ಮೂರನೆಯದು, ನಾಲ್ಕನೆಯದು. ನಗು ನಿಂತಿತು. ಕಟ್ಟಿನಲ್ಲಿ ಮೂವತ್ತೊಂದು ಪೇಪರುಗಳಿದ್ದವು. ನನ್ನ ಕನ್ನಡವನ್ನು ಮಕ್ಕಳ ಹೊರತು ಬೇರೆಯವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

"ಇದು ನಕಲು," ಎಂದರು. "ತಪ್ಪು ಇಸವಿ ಮೂವತ್ತು ಮಂದಿಗೆ ಒಮ್ಮೆಗೇ ಹೆಂಗ ಹೊಳೀತದ? ಕೊಠಡಿಯೊಳಗ ಯಾರೋ ನಿಂತು ಹೇಳಿ ಬರೆಸ್ಯಾರ."

ಉರ್ದು ಮೂಲೆಯಿಂದ ಮೌಲವಿ ಸಾಬರು ಎದ್ದು ಬಂದರು. ಸೇಡಂನವರೇ, ವಯಸ್ಸಾದ ಮಾಸ್ತರರು. ಪೇಪರು ಕೇಳಿ ತೆಗೆದುಕೊಂಡು ಕಣ್ಣ ಹತ್ತಿರ ಹಿಡಿದು ಓದಿದರು.

"ಸಾಹೇಬ್ರ, ಹೆಸರು ಯಾವೂ ಗಲತ್ ಇಲ್ಲರಿ. ಯೂನಾನ ಅಂದ್ರ ನಿಮ್ಮ ಗ್ರೀಸ್. ಸುಕರಾತ ಅಂದ್ರ ಸಾಕ್ರೆಟಿಸ್. ನಾವು ಹಂಗೇ ಓದೇವಿ. ಈ ಕೂಸುಗೋಳ ಮಾಸ್ತರ ಉರ್ದೂದಾಗ ಓದಿದಾವ ಇರಬೇಕು."

"ಹೆಸರು ಹೋಗ್ಲಿ ಮೌಲವಿ ಸಾಬ್ರ. ಇಸವಿಗೆ ಏನ್ ಹೇಳ್ತೀರಿ?"

ಮೌಲವಿ ಸಾಬರು ಪೇಪರನ್ನು ಮರಳಿ ಕಟ್ಟಿನ ಮೇಲಿಟ್ಟರು. ಮುಖ್ಯ ಪರೀಕ್ಷಕರು ಕಟ್ಟಿನ ಪೇಪರುಗಳನ್ನು ಒಂದೊಂದಾಗಿ ಮಗುಚುತ್ತಾ ಹೋಗಿ ಒಂದು ಕಡೆ ನಿಂತರು. "ನೋಡ್ರಿ ಇಲ್ಲಿ. ಈ ಪೇಪರಿನಾಗ ಮೊದಲು ೧೨೧೫ ಅಂತ ಸರಿ ಬರದು, ಗೀಟು ಹೊಡದು, ಮ್ಯಾಲೆ ೧೩೧೫ ಅಂತ ಮಾಡ್ಯಾರ. ಬಾಜೂದವರದು ನೋಡಿ ತಿದ್ದಿದ್ದು. ಇದಕ್ಕಿಂತ ಸಾಕ್ಷಿ ಬೇಕೇನು?"

ಆ ಪೇಪರು ಯಾರದೆಂದು ನನಗೆ ಗೊತ್ತಿತ್ತು. ಅಕ್ಷರ ನೋಡಬೇಕಾಗಿರಲಿಲ್ಲ. ಸರಿಯಾದದ್ದನ್ನು ಬರೆದು, ನನ್ನ ಒಂದು ಅಂಕದ ಕತ್ತರಿ ನೆನಪಾಗಿ, ತಾನೇ ಗೀಟು ಹೊಡೆದಿದ್ದಳು.

ನಾನು ತಲೆ ಬಗ್ಗಿಸಿ ನನ್ನ ಮುಂದಿದ್ದ ಪೇಪರಿನ ಮೇಲೆ ಅಂಕ ಹಾಕಿದೆ. ಏನು ಹಾಕಿದೆನೆಂಬುದು ಮರುಕ್ಷಣ ನೆನಪಿರಲಿಲ್ಲ. ಮತ್ತೆ ಓದಿ ತಿದ್ದಬೇಕಾಯಿತು. ಮುಖ್ಯ ಪರೀಕ್ಷಕರು ಕಟ್ಟನ್ನು ಬೇರೆ ಬಟ್ಟೆಯಲ್ಲಿ ಕಟ್ಟಿ ಅರಗಿನ ಮುದ್ರೆ ಒತ್ತಿಸಿದರು. ವರದಿ ಮರುದಿನದ ಮಧ್ಯಾಹ್ನದ ಗಾಡಿಗೆ ಗುಲಬರ್ಗಾಕ್ಕೆ ಹೋಗುತ್ತದೆ ಎಂದರು.

ಸಂಜೆ ನೀರಿನ ಗಡಿಗೆಯ ಹತ್ತಿರ ಮೌಲವಿ ಸಾಬರು ನನ್ನ ಪಕ್ಕಕ್ಕೆ ಬಂದು ನಿಂತರು. ಅತ್ತಿತ್ತ ನೋಡಿ ಮೆಲ್ಲಗೆ ಕೇಳಿದರು: "ಮಾಸ್ತರ್, ನಮ್ಮ ಉರ್ದೂ ಅಂಕಿಯೊಳಗ ಎರಡಕ್ಕ ಒಂದು ಹಲ್ಲು, ಮೂರಕ್ಕ ಎರಡು ಹಲ್ಲು. ಕಲ್ಲಚ್ಚಿನ ಪುಸ್ತಕದಾಗ ಮಸಿ ಹರದ್ರ ಎರಡು ಮೂರು ಆಗ್ತದ. ಹೌದಲ್ಲೋ?"

"ಆಗಬಹುದ್ರಿ," ಎಂದೆ.

"ಯಾವ ಮಾಸ್ತರಗ ಹಂಗ ಆಗ್ಯಾದೋ ನನಗ ಮಾಲೂಮ್ ಇಲ್ಲ. ನಾನು ಕೇಳಂಗೂ ಇಲ್ಲ. ಅಂವ ಎದ್ದು ಹೇಳಿದ್ರ ಕೂಸುಗೋಳು ಉಳೀತಾವ." ಚೊಂಬನ್ನು ಮುಚ್ಚಳದ ಮೇಲಿಟ್ಟು ಹೊರಟುಹೋದರು.

ಮರುದಿನ ಇಡೀ ನಾನು ಪೇಪರು ತಿದ್ದಿದೆ. ಹೇಳಿದರೆ ನನ್ನ ಗತಿ ಏನು ಎಂಬುದು ಸ್ಪಷ್ಟವಿತ್ತು: ಕನ್ನಡ ಬಾರದ, ತಪ್ಪು ಕಲಿಸಿದ, ಸರಿ ಹೇಳಿದ ಹುಡುಗಿಯ ಅಂಕ ಕಳೆದ ಮಾಸ್ತರ. ಸುಮ್ಮನಿದ್ದರೆ ವಿಚಾರಣೆ ಶಾಲೆಗೆ ಬರುತ್ತದೆ, ಪರೀಕ್ಷಾ ಕೊಠಡಿಯಲ್ಲಿದ್ದವರನ್ನು ಕೇಳುತ್ತಾರೆ, ನನ್ನ ನೋಟುಬುಕ್ಕನ್ನು ಒಲೆಗೆ ಹಾಕಿದರೆ ಗೊತ್ತಾಗುವುದಿಲ್ಲ ಎಂದೂ ಲೆಕ್ಕ ಹಾಕಿದೆ. ಆದರೆ ಅದರ ಮೂವತ್ತೊಂದು ಪ್ರತಿಗಳು ಮಕ್ಕಳ ಕೈಬರಹದಲ್ಲಿ ಅವರವರ ಮನೆಗಳಲ್ಲಿದ್ದವು. ಮಧ್ಯಾಹ್ನದ ಗಾಡಿ ಸಿಳ್ಳೆ ಹಾಕಿ ವಾಡಿಯ ಕಡೆ ಹೋದದ್ದನ್ನು ಹಾಲಿನಲ್ಲಿ ಕುಳಿತೇ ಕೇಳಿದೆ. ವರದಿ ಅದರಲ್ಲಿತ್ತು.

ಐದನೆಯ ದಿನ ಊಟದ ಬಿಡುವಿನಲ್ಲಿ ಮುಖ್ಯ ಪರೀಕ್ಷಕರ ಮೇಜಿನ ಮುಂದೆ ಹೋಗಿ ನಿಂತೆ. ಏನು ಹೊಸದಾಗಿ ಹೊಳೆಯಿತೆಂದು ಕೇಳಿದರೆ ಹೇಳಲಾರೆ. ಅಂದು ಬೆಳಿಗ್ಗೆ ತಿದ್ದಿದ ಒಂದು ಪೇಪರಿನಲ್ಲಿ ಯಾವುದೋ ಊರಿನ ಮಗು ಮ್ಯಾಗ್ನಾ ಕಾರ್ಟಾವನ್ನು ತನ್ನದೇ ಮಾತಿನಲ್ಲಿ, ಒರಟಾಗಿ, ಸರಿಯಾಗಿ ಬರೆದಿತ್ತು. ನಮ್ಮ ಶಾಲೆಯಲ್ಲಾಗಿದ್ದರೆ ಅದಕ್ಕೆ ಸೊನ್ನೆ ಹಾಕುತ್ತಿದ್ದೆ. ಎಂಟಕ್ಕೆ ಏಳು ಹಾಕಿ ಎದ್ದೆ.

"ಆ ಕಟ್ಟು ನಮ್ಮ ಶಾಲಿದು ಸಾಹೇಬ್ರ. ಆ ವಾಕ್ಯ ನಂದು. ತಪ್ಪು ಇಸವಿ ನಾ ಬರೆಸಿದ್ದು. ಯಾರೂ ನಕಲು ಮಾಡಿಲ್ಲ. ವರ್ಷೆಲ್ಲಾ ಬಾಯಿಪಾಠ ಮಾಡಿಸೀನಿ."

ಅವರು ಊಟದ ಡಬ್ಬಿಯ ಮುಚ್ಚಳ ಹಾಕಿದರು.

"ಮೊನ್ನೆ ಇದೇ ಹಾಲಿನೊಳಗ ಕೂತಿದ್ರಲ್ಲ?"

"ಹೌದ್ರಿ."

"ಅವತ್ತೇ ಹೇಳಿದ್ರ ಇಲ್ಲೇ ಮುಗಿಸಿಬಿಡ್ತಿದ್ದೆ. ನನ್ನ ಕೈಯಾಗಿತ್ತು. ಈಗ ಕಾಗದ ಹೋಗ್ಯದ. ಹೋದ ಕಾಗದ ನಾ ತಿರುಗಿ ತರಲಿಕ್ಕೆ ಬರೂದಿಲ್ಲ."

ಬರೆದು ಕೊಡಿ ಎಂದರು. ಕೈ ರೂಢಿಯಂತೆ ಉರ್ದುವಿನಲ್ಲಿ ಎರಡು ಸಾಲು ಬರೆದುಬಿಟ್ಟಿತ್ತು. ಅವರು ಏನೂ ಅನ್ನದೆ ಬೇರೆ ಹಾಳೆ ಕೊಟ್ಟರು. ಬರೀ ಹೇಳಿಕೆ ಸಾಲದು, ಆಧಾರ ಬೇಕು ಎಂದು ರಜೆ ಬರೆಸಿಕೊಂಡು ಕಳಿಸಿದರು. ರೈಲಿಗೆ ಚಿತ್ತಾಪುರಕ್ಕೆ ಹೋಗಿ, ಅಲ್ಲಿಂದ ನಡೆದು, ಉರ್ದು ಪುಸ್ತಕ, ನನ್ನ ನೋಟುಬುಕ್ಕು, ನಾಲ್ಕು ಮಕ್ಕಳ ನೋಟುಬುಕ್ಕುಗಳನ್ನು ತೆಗೆದುಕೊಂಡು ಮರುದಿನ ಬೆಳಿಗ್ಗೆ ಸೇಡಂಗೆ ಬಂದೆ. ಗ್ಯಾಂಗಿನವನ ಮನೆಗೆ ಹೋಗುವ ಧೈರ್ಯ ಬರಲಿಲ್ಲ. ಬೇರೆ ಮನೆಗಳಿಂದ ತಂದೆ.

ಮೌಲವಿ ಸಾಬರನ್ನು ಕೂಡಿಸಿಕೊಂಡು ಮುಖ್ಯ ಪರೀಕ್ಷಕರು ಒಂದೊಂದೇ ಸಾಲನ್ನು ತಾಳೆ ನೋಡಿದರು. ಉರ್ದು ಪುಟದಲ್ಲಿ ಎರಡರ ಪಕ್ಕ ಒಂದು ಮಸಿಯ ಚುಕ್ಕೆ ಅಂಟಿ ಮೂರರಂತೆ ಕಾಣುತ್ತಿತ್ತು. ಅದನ್ನು ನೋಡಿ ಮುಖ್ಯ ಪರೀಕ್ಷಕರು, "ಇಷ್ಟೇನಾ?" ಎಂದರು. ಸಿಟ್ಟಿಲ್ಲದೆ ಹೇಳಿದರು, ಅದಕ್ಕೇ ಹೆಚ್ಚು ನಾಟಿತು.

ಮುದ್ರೆ ಒಡೆದು ಪೇಪರುಗಳನ್ನು ತಿದ್ದಿಸಿದರು. ಇಸವಿಯ ಎರಡು ಅಂಕ ಎಲ್ಲರಿಗೂ ಹೋಯಿತು. ಹೆಸರುಗಳ ವಿಷಯದಲ್ಲಿ ನಾನು ವಾದಿಸಿದೆ. ಪಟ್ಟಿಯಲ್ಲಿಲ್ಲ ಎಂದರು. ಮೌಲವಿ ಸಾಬರು ಹೇಳಿದರು: "ಪಟ್ಟಿಯೊಳಗ ಇಲ್ಲ ಸಾಹೇಬ್ರ, ಆದ್ರ ದುನಿಯಾದಾಗ ಅದಾನಲ್ಲ ಸುಕರಾತ." ಕೊನೆಗೆ ಯೂನಾನ, ಮಿಸರ, ಸಿಕಂದರ ಎಲ್ಲಕ್ಕೂ ಪೂರ್ಣ ಅಂಕ ಕೊಡಲು ಒಪ್ಪಿದರು. ಗೀಟು ಹೊಡೆದ ಆ ಒಂದು ಪೇಪರಿಗೆ ಮಾತ್ರ, ಮೊದಲು ಬರೆದದ್ದನ್ನು ಹಿಡಿಯಬಹುದೇ ಎಂದು ಕೇಳಿದೆ. ಆಗುವುದಿಲ್ಲ ಎಂದರು. ಅದು ನಿಯಮ; ಅವರದ್ದು ತಪ್ಪಿರಲಿಲ್ಲ.

ತಿದ್ದಿದ ಅಂಕಗಳ ಜೊತೆ ಎರಡನೆಯ ವರದಿಯೂ ಹೋಯಿತು. ಆದರೆ ಮೊದಲನೆಯದರ ಮೇಲೆ ಆಗಲೇ ಫಲಿತಾಂಶ ತಡೆಹಿಡಿಯುವ ಆದೇಶ ಬಿದ್ದಿತ್ತು. ವಿಚಾರಣೆ ಮುಗಿಯದೆ ಅದು ಏಳುವಂತಿರಲಿಲ್ಲ. ಮೇ ಕೊನೆಯಲ್ಲಿ ಉಳಿದ ಶಾಲೆಗಳ ಫಲಿತಾಂಶ ಬಂತು, ನಮ್ಮದು ಬರಲಿಲ್ಲ. ನಾನು ಗುಲಬರ್ಗಾಕ್ಕೆ ನಾಲ್ಕು ಸಲ ಹೋದೆ. ಫೈಲು ಒಬ್ಬರ ಮೇಜಿನಿಂದ ಇನ್ನೊಬ್ಬರ ಮೇಜಿಗೆ ಹೋಗಿದೆ ಎನ್ನುತ್ತಿದ್ದರು. ಜುಲೈಯಲ್ಲಿ ಟ್ರೇನಿಂಗಿನ ಅರ್ಜಿಗಳು ಮುಗಿದವು. ವಿಚಾರಣೆಯ ಸಾಹೇಬರು ಮಳೆಗಾಲದಲ್ಲಿ ಶಾಲೆಗೆ ಬಂದು ಒಂದೇ ತಾಸಿನಲ್ಲಿ ಎಲ್ಲ ನೋಡಿ, ಮಕ್ಕಳದ್ದೇನೂ ತಪ್ಪಿಲ್ಲ ಎಂದು ಬರೆದುಕೊಂಡು ಹೋದರು. ನನ್ನನ್ನು ಚಿಂಚೋಳಿ ತಾಲೂಕಿನ ಒಂದು ಹಳ್ಳಿಯ ಕೆಳತರಗತಿಗೆ ಇಳಿಸಿದ ಆದೇಶ ಅದರ ಹಿಂದೆಯೇ ಬಂತು. ಅದರ ಬಗ್ಗೆ ನನಗೆ ತಕರಾರು ಇರಲಿಲ್ಲ.

ಫಲಿತಾಂಶ ಬಿಟ್ಟದ್ದು ದೀಪಾವಳಿಯ ನಂತರ. ನಾಲ್ವರನ್ನು ಬಿಟ್ಟು ಎಲ್ಲರೂ ಪಾಸು. ಗ್ಯಾಂಗಿನವನ ಮಗಳು ಶಾಲೆಗೆ ಮೊದಲು. ಅಷ್ಟರಲ್ಲಿ ಅವಳ ಲಗ್ನವಾಗಿ ಎರಡು ತಿಂಗಳಾಗಿತ್ತು. ಅಪ್ಪ ಕಾಯ್ದಿದ್ದ, ಜುಲೈ ಕಳೆಯುವ ತನಕ ಕಾಯ್ದಿದ್ದ.

ಅವಳ ಅಂಕಪಟ್ಟಿಯನ್ನು ನಾನೇ ಕೊಂಡೊಯ್ದೆ. ಗಂಡನ ಮನೆ ಭಂಕೂರಿನಲ್ಲಿ, ಕಲ್ಲಿನ ಖಣಿಯ ಕೆಲಸದವರು. ಹೋದಾಗ ಅವಳು ಅಂಗಳದಲ್ಲಿ ಕತ್ತರಿಸಿದ ಹಾಸುಗಲ್ಲುಗಳನ್ನು ಅಳತೆಯ ಪ್ರಕಾರ ಗೋಡೆಗೆ ಒರಗಿಸಿಡುತ್ತಿದ್ದಳು. ಕೈ, ಹುಬ್ಬು ಎಲ್ಲ ಕಲ್ಲಿನ ಪುಡಿ. ನನ್ನನ್ನು ಕಂಡು ಸೆರಗು ಸರಿಮಾಡಿಕೊಂಡು, "ಬರ್ರಿ ಮಾಸ್ತರ್ರ, ಕುಂದ್ರಿ," ಎಂದಳು. ಅತ್ತೆ ಹೊರಸಿನ ಮೇಲೆ ಕುಳಿತು ನೋಡುತ್ತಿದ್ದರು.

ನಾನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದದ್ದನ್ನು ಹೇಳಿದೆ. ತಪ್ಪು ನನ್ನದು, ನೀನು ಹೇಳಿದ್ದೇ ಸರಿ, ಆ ದಿನ ನಾನು ಕೇಳಬೇಕಾಗಿತ್ತು ಎಂದೆ. ಅವಳು ನಿಂತೇ ಕೇಳಿದಳು.

"ಸೇಡಂನಾಗ ನೀವು ಎದ್ದು ಹೇಳಿದ್ರಂತ, ಅಪ್ಪಗ ಗೊತ್ತಾಗಿತ್ರಿ," ಎಂದಳು. ಆಮೇಲೆ, "ಎರಡು ದಿನ ತಡಾ ಆಯ್ತಂತಲ್ರಿ?"

"ಹೌದು," ಎಂದೆ.

ಅವಳು ಕೈಯನ್ನು ಸೀರೆಗೆ ಒರೆಸಿಕೊಂಡು ಕಾಗದ ತೆಗೆದುಕೊಂಡು ಮೇಲಿನಿಂದ ಕೆಳಗೆ ಓದಿದಳು.

"ಏನದ ಅದು?" ಎಂದು ಅತ್ತೆ ಕೇಳಿದರು.

"ಏಳ್ನೇದು ಪಾಸಾಗೀನ್ರಿ ಅತ್ತಿ. ಅದರ ಕಾಗದ."

"ಅದರಿಂದ ಏನಾಗ್ತದ?"

ಅವಳು ಕಾಗದವನ್ನು ಮಡಚಿದಳು. ಅತ್ತೆ ನನ್ನ ಕಡೆ ತಿರುಗಿದರು. ಆ ಮುದುಕಿಯ ಪ್ರಶ್ನೆಯಲ್ಲಿ ಕೊಂಕು ಇರಲಿಲ್ಲ. ನಿಜವಾಗಿ ತಿಳಿಯಬೇಕೆಂದೇ ಕೇಳಿದ್ದರು.

"ಟ್ರೇನಿಂಗಿಗಿ ಹೋಗಬಹುದಿತ್ತವ್ವ," ಎಂದೆ. "ಅಕ್ಕೋರಾಗಬಹುದಿತ್ತು."

"ನಮ್ಮ ಸೊಸಿ?" ಎಂದು ಅವರು ಅವಳನ್ನು ಹೊಸಬರನ್ನು ನೋಡುವ ಹಾಗೆ ನೋಡಿದರು. "ಮತ್ತ ಯಾಕ ಹೋಗಲಿಲ್ಲ?"

ಹುಡುಗಿ ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದಳು. ನಾನು ಮೊದಲಿನಿಂದ ಶುರು ಮಾಡಿದೆ, ಆ ಅಂಗಳದಲ್ಲಿ ಕುಳಿತು, ಆ ಮುದುಕಿಗೆ ಅರ್ಥವಾಗುವ ಮಾತಿನಲ್ಲಿ. ಬಹಳ ಹೊತ್ತು ಹಿಡಿಯಿತು. ನಾನು ಹೇಳಿ ಮುಗಿಸುವ ತನಕ ಅವಳು ಕಲ್ಲು ಮುಟ್ಟಲಿಲ್ಲ.